ಹೆಸರು ಹೇಳದ ಪ್ರಾರ್ಥನೆ

ನನ್ನ ಬಾಯಿ ದೊಡ್ಡದು. ನಾನು ಹೇಳಬೇಕಾಗಿಲ್ಲ, ಹಗರಿಬೊಮ್ಮನಹಳ್ಳಿಯಲ್ಲಿ ನನ್ನ ಹತ್ತಿರ ಅಕ್ಷರ ಕಲಿತ ಯಾರನ್ನು ಕೇಳಿದರೂ ಹೇಳುತ್ತಾರೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೈಮರಿ ಶಾಲೆಯಲ್ಲಿ ಮಕ್ಕಳಿಗೆ ‘ಬಾಯಿ ಮುಚ್ಚರಿ’ ಎಂದು ಹೇಳಿಯೇ ಸಂಬಳ ಎಣಿಸಿದವಳು ನಾನು. ನನಗೆ ಆ ಮಾತು ಹೇಳುವವರು ಮಾತ್ರ ಯಾರೂ ಇರಲಿಲ್ಲ. ಮದುವೆ ಆಗಲಿಲ್ಲ, ಹಾಗಾಗಿ ಗಂಡ ಹೇಳುವ ಪ್ರಶ್ನೆ ಬರಲಿಲ್ಲ. ಹಡಗಲಿಯಲ್ಲಿರುವ ತಮ್ಮ ನಾನು ಕ್ರಿಸ್ತನನ್ನು ನಂಬಿದ ವರ್ಷದಿಂದ ಹಬ್ಬಕ್ಕೊಮ್ಮೆ ಫೋನು ಮಾಡುತ್ತಾನೆ, ಆರಾಮ ಇದ್ದೀಯಾ ಎಂದು ಕೇಳುತ್ತಾನೆ, ನಾನು ಉತ್ತರ ಶುರು ಮಾಡುವಷ್ಟರಲ್ಲಿ ಇಟ್ಟುಬಿಡುತ್ತಾನೆ. ರಿಟೈರ್ ಆದ ಮೇಲೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾನು, ನನ್ನ ಬಾಯಿ, ಇಬ್ಬರೇ ಉಳಿದೆವು.

ನಮ್ಮ ಸಭೆ ಸೇರುವುದು ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ಮೊದಲು ಮೆಕ್ಕೆಜೋಳದ ಗೋದಾಮಾಗಿದ್ದ ಒಂದು ಉದ್ದನೆಯ ಕೋಣೆಯಲ್ಲಿ. ತಗಡಿನ ಮಾಡು, ಗೋಡೆಯ ಮೇಲೆ ಒಂದು ಶಿಲುಬೆ, ನೆಲಕ್ಕೆ ಜಮಖಾನ. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು, ಎಲ್ಲ ಸೇರಿ ಮೂವತ್ತು ಜನ ಆದರೆ ಪಾಸ್ಟರ್ ಮುಖದಲ್ಲಿ ಕಳೆ. ಮಂಡಿನೋವಿನ ದೆಸೆಯಿಂದ ನಾನು ಗೋಡೆಗೆ ಒರಗಿ ಕೂರುತ್ತೇನೆ. ನನ್ನ ಪಕ್ಕದಲ್ಲಿ ಅವಳು ಕೂರುತ್ತಿದ್ದಳು.

ಅವಳು ಎಂದರೆ ತಂಬ್ರಹಳ್ಳಿಯ ಅಂಗನವಾಡಿ ಟೀಚರ್. ನನಗಿಂತ ಹನ್ನೆರಡು ವರ್ಷ ಸಣ್ಣವಳು. ಭಾನುವಾರ ಬೆಳಗಿನ ಬಸ್ಸಿಗೆ ಒಬ್ಬಳೇ ಬರುತ್ತಿದ್ದಳು. ಗಂಡ ಟ್ರ್ಯಾಕ್ಟರ್ ಓಡಿಸುತ್ತಾನೆ. ಅವನು ಸಭೆಗೆ ಬರುವುದಿಲ್ಲ, ಅವಳಿಗೆ ಹೋಗಬೇಡ ಎಂದೂ ಹೇಳುವುದಿಲ್ಲ. ಅತ್ತೆ ಮಾತ್ರ ಸೊಸೆ ಮನೆದೇವರನ್ನು ಬಿಟ್ಟಳೆಂದು ಮೊದಲ ದಿನದಿಂದಲೂ ಮುಖ ಗಂಟು ಹಾಕಿಕೊಂಡೇ ಇದ್ದವಳು. ನಮ್ಮ ಸಭೆಯಲ್ಲಿ ಹಾರ್ಮೋನಿಯಂ ಇಲ್ಲ, ಕೀಬೋರ್ಡ್ ಇಲ್ಲ. ಇದ್ದದ್ದು ಅವಳ ಗಂಟಲು. ಅವಳು ಮೊದಲ ಸಾಲು ಎತ್ತಿಕೊಟ್ಟರೆ ನಾವೆಲ್ಲ ಹಿಂದೆ ಹೋಗುತ್ತಿದ್ದೆವು. ಆರಾಧನೆ ಮುಗಿದ ಮೇಲೆ ನನ್ನ ಮನೆಗೆ ಬಂದು ಊಟ ಮಾಡಿ, ನಾಲ್ಕು ಗಂಟೆಯ ಬಸ್ಸಿಗೆ ಊರಿಗೆ ಹೋಗುತ್ತಿದ್ದಳು. ವಾರದಲ್ಲಿ ಆ ಮೂರು ತಾಸು ನಾನು ಇನ್ನೊಬ್ಬರ ಎದುರು ಕೂತು ಉಣ್ಣುತ್ತಿದ್ದದ್ದು. ಅದಕ್ಕಾಗಿ ಶನಿವಾರವೇ ರೊಟ್ಟಿಗೆ ಹಿಟ್ಟು ಬೀಸಿಸಿ ತರುತ್ತಿದ್ದೆ.

ಅವಳ ಮಗಳು ನರ್ಸಿಂಗ್ ಓದುತ್ತಿದ್ದಳು. ಹತ್ತೊಂಬತ್ತು ವರ್ಷ. ಜ್ವರ ಬಂತು, ಆಸ್ಪತ್ರೆಗೆ ಸೇರಿಸಿದರು, ಹನ್ನೊಂದು ದಿನಕ್ಕೆ ಹೋದಳು. ಆ ಹನ್ನೊಂದು ದಿನವೂ ನಮ್ಮ ಸಭೆ ಉಪವಾಸ ಮಾಡಿ ಪ್ರಾರ್ಥಿಸಿತು. ಸರದಿ ಹಾಕಿಕೊಂಡು, ಒಬ್ಬರು ಬಿಟ್ಟ ಕಡೆ ಇನ್ನೊಬ್ಬರು ಹಿಡಿದೆವು. ದೇವರು ಕೇಳುತ್ತಾನೆಂದು ನಾನೇ ಅವಳಿಗೆ ದಿನಕ್ಕೆ ಮೂರು ಸಲ ಫೋನಿನಲ್ಲಿ ಹೇಳಿದೆ. ಮಣ್ಣಿಗೆ ಇಡುವ ದಿನ ಅವಳೇ ಹಾಡು ಎತ್ತಿದಳು. ಗಂಟಲು ಒಂದು ಕಡೆಯೂ ನಡುಗಲಿಲ್ಲ. ನೋಡಿದವರೆಲ್ಲ ಎಂಥ ವಿಶ್ವಾಸ, ಎಂಥ ವಿಶ್ವಾಸ ಎಂದರು. ನಾನಂತೂ ಒಂದು ವರ್ಷ ಕಂಡಕಂಡವರಿಗೆ ಅದನ್ನೇ ಹೇಳಿಕೊಂಡು ಓಡಾಡಿದೆ.

ಒಂದು ವರ್ಷ ಕಳೆದ ಮೇಲೆ, ಒಂದು ಭಾನುವಾರ ಊಟವಾಗಿ, ನನ್ನ ಅಡುಗೆಮನೆಯಲ್ಲಿ ಇಬ್ಬರೂ ಪುಂಡಿಸೊಪ್ಪು ಸೋಸುತ್ತ ಕೂತಿದ್ದೆವು. ನಾನು ಏನೋ ಮಾತಾಡುತ್ತಲೇ ಇದ್ದೆ. ಅವಳು ಸೊಪ್ಪಿನ ಮೇಲಿನ ಕಣ್ಣು ಎತ್ತದೆ ಹೇಳಿದಳು.

“ಅಕ್ಕಾ, ನಾ ಹಾಡ್ತೀನಿ, ಕಣ್ಣು ಮುಚ್ಚತೀನಿ, ಎಲ್ಲಾ ಮಾಡ್ತೀನಿ. ಆದ್ರ ಆ ಕಡಿ ಯಾರೂ ಇಲ್ಲ ಅನಸ್ತೈತಿ. ಫೋನ್ ಹಚ್ಚಿದ್ರ ಯಾರೂ ಎತ್ತದಂಗ. ಮಗಳು ಹೋದಾಗಿಂದ ಹಂಗ ಐತಿ. ಯಾರ ಮುಂದೂ ಹೇಳಬ್ಯಾಡ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವಳ ಕೈ ಹಿಡಿದುಕೊಂಡು ಕೊಟ್ಟೆ. ಆ ಕ್ಷಣಕ್ಕೆ ಅದು ಸುಳ್ಳಾಗಿರಲಿಲ್ಲ.

ಇಲ್ಲಿ ನನ್ನ ನೋಟ್‌ಬುಕ್ಕಿನ ವಿಷಯ ಹೇಳಬೇಕು. ನಾನು ಬೈಬಲ್ ಓದುವುದು ಪಾಠದ ತಯಾರಿ ಮಾಡಿದ ಹಾಗೆ. ಎಡಗಡೆ ವಚನ, ಬಲಗಡೆ ‘ಅನ್ವಯ’ ಎಂದು ಕೆಂಪು ಶಾಯಿಯಲ್ಲಿ ತಲೆಬರಹ. ಓದಿದ್ದು ದಿನದ ಬದುಕಿಗೆ ಹೇಗೆ ಹತ್ತುತ್ತದೆ ಎಂದು ಬರೆದುಕೊಳ್ಳಬೇಕು ಎಂದು ನಮ್ಮ ಪಾಸ್ಟರ್ ಕಲಿಸಿದ್ದರು. ನಾನು ಶ್ರದ್ಧೆಯಿಂದ ಬರೆದೆ. ಕೋಪ ಮಾಡಬಾರದು ಎಂಬ ಕಡೆ ಎದುರುಮನೆಯವಳ ಹೆಸರು. ದುರಾಸೆ ಬೇಡ ಎಂಬ ಕಡೆ ಮನೆಯ ಮಾಲೀಕ. ಅಲ್ಪವಿಶ್ವಾಸಿಗಳೇ ಎಂದು ಯೇಸು ಶಿಷ್ಯರನ್ನು ಗದರಿದ ಕಡೆ ನಮ್ಮ ಸಭೆಯ ನಾಲ್ಕು ಜನ. ಇಡೀ ಊರಿಗೆ ಹತ್ತುತ್ತಿದ್ದ ವಾಕ್ಯ ನನಗೊಬ್ಬಳಿಗೆ ಹತ್ತುತ್ತಿರಲಿಲ್ಲ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂಬ ಗಾದೆಯನ್ನು ನಾನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಅರ್ಥ ಹೇಳಿಕೊಟ್ಟವಳು, ನೋಡಿ.

ಅವಳು ಹೇಳಿದ್ದನ್ನು ಮೂರು ಭಾನುವಾರ ಹೊಟ್ಟೆಯಲ್ಲಿ ಇಟ್ಟುಕೊಂಡೆ. ನಿದ್ದೆ ಕೆಟ್ಟಿತು. ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿರಿ ಎಂದು ಯಾಕೋಬನ ಪತ್ರಿಕೆಯಲ್ಲಿ ಇದೆ. ಇಬ್ಬರು ಒಂದೇ ಮನಸ್ಸಿನಿಂದ ಬೇಡಿಕೊಂಡರೆ ಆಗುತ್ತದೆ ಎಂದು ಯೇಸುವೇ ಹೇಳಿದ್ದಾನೆ. ಇಬ್ಬರಿಗೇ ಅಷ್ಟಾದರೆ ಮೂವತ್ತು ಜನಕ್ಕೆ ಎಷ್ಟು? ಹೀಗೆ ಲೆಕ್ಕ ಹಾಕಿದೆ. ಪ್ರೀತಿಯಿಂದಲೇ ಹಾಕಿದೆ, ಅದರಲ್ಲಿ ಸಂಶಯವಿಲ್ಲ. ಆದರೆ ಇನ್ನೊಂದೂ ಇತ್ತು, ಅದನ್ನು ಒಪ್ಪಿಕೊಳ್ಳಲು ನನಗೆ ಬಹಳ ತಿಂಗಳು ಬೇಕಾಯಿತು. ಉಳಿದ ಯಾರಿಗೂ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಅದು ನಾಲಿಗೆಯ ತುದಿಯಲ್ಲಿ ಕೂತು ಕಚಗುಳಿ ಇಡುತ್ತಿತ್ತು.

ನಮ್ಮಲ್ಲಿ ಸರಪಳಿ ಪ್ರಾರ್ಥನೆ ಎಂದು ಮಾಡುತ್ತೇವೆ. ಎಲ್ಲರೂ ಕಣ್ಣು ಮುಚ್ಚಿ ಕೂರುವುದು. ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ಬಾಯಿಬಿಟ್ಟು ಪ್ರಾರ್ಥಿಸುವುದು. ಒಬ್ಬರ ಪ್ರಾರ್ಥನೆಗೆ ಉಳಿದವರೆಲ್ಲ ಆಮೆನ್ ಹೇಳುವುದು. ನಾಲ್ಕನೆಯ ಭಾನುವಾರ ಸರದಿ ನನ್ನ ಹತ್ತಿರ ಬಂತು. ಮಳೆಗಾಗಿ ಪ್ರಾರ್ಥಿಸಿದೆ, ಸರಕಾರಕ್ಕಾಗಿ ಪ್ರಾರ್ಥಿಸಿದೆ. ಆಮೇಲೆ ನನ್ನ ಪುಸ್ತಕದ ಕನ್ನಡದಲ್ಲಿ, ಕ್ಲಾಸಿನ ಹಿಂದಿನ ಬೆಂಚಿಗೆ ಕೇಳುವ ಗಂಟಲಲ್ಲಿ ಹೇಳಿದೆ:

“ಕರ್ತನೇ, ನಮ್ಮ ಮಧ್ಯದಲ್ಲಿ ಒಬ್ಬ ಸಹೋದರಿ ಇದ್ದಾಳೆ. ತುಟಿಗಳಿಂದ ನಿನ್ನನ್ನು ಹಾಡಿ ಸ್ತುತಿಸುತ್ತಾಳೆ. ಆದರೆ ಮಗಳನ್ನು ಕಳೆದುಕೊಂಡ ದಿನದಿಂದ ಅವಳ ಒಳಗೆ ಬರಿದಾಗಿದೆ. ನೀನು ಇಲ್ಲವೆಂದೇ ಅವಳಿಗೆ ಅನಿಸುತ್ತಿದೆ. ಅವಳ ಅಪನಂಬಿಕೆಯನ್ನು ಮುರಿ, ತಂದೆಯೇ.”

ಹೆಸರು ಹೇಳಲಿಲ್ಲ. ಹೆಸರು ಹೇಳದಿದ್ದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ ಎಂದು ತಿಳಿದಿದ್ದ ಜಾಣೆ ನಾನು. ಮೂವತ್ತು ಜನರಲ್ಲಿ ಹಾಡುವವಳು ಒಬ್ಬಳು. ಮಗಳನ್ನು ಕಳೆದುಕೊಂಡವಳು ಒಬ್ಬಳು. ಆಮೆನ್ ಎಂದು ಅವರೆಲ್ಲ ಹೇಳಿದ್ದು ಆ ತಗಡಿನ ಮಾಡಿಗೆ ಬಡಿದು ಕೆಳಗೆ ಬಂತು. ಕಣ್ಣು ತೆರೆದು ನೋಡಿದರೆ ನನ್ನ ಪಕ್ಕದಲ್ಲಿ ಅವಳು ಸೆರಗನ್ನು ಹಣೆಯ ತನಕ ಎಳೆದುಕೊಂಡು ಜಮಖಾನದ ಅಂಚು ನೋಡುತ್ತಿದ್ದಳು. ಮುಂದಿನ ಹಾಡು ಅವಳು ಎತ್ತಬೇಕಾಗಿತ್ತು. ಎತ್ತಲಿಲ್ಲ. ಪಾಸ್ಟರ್ ಸ್ವಲ್ಪ ಹೊತ್ತು ಕಾದರು. ಕೊನೆಗೆ ಗಂಡಸರ ಕಡೆಯಿಂದ ಯಾರೋ ಎತ್ತಿದರು, ಶ್ರುತಿ ಮೇಲಕ್ಕೆ ಹೋಗಿ ಅರ್ಧಕ್ಕೆ ನಿಂತಿತು.

ಆರಾಧನೆ ಮುಗಿದದ್ದೇ ತಡ, ಹೆಂಗಸರೆಲ್ಲ ಅವಳನ್ನು ಸುತ್ತಿಕೊಂಡರು. ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಿದರು, ಹಣೆಗೆ ಎಣ್ಣೆ ಹಚ್ಚಿದರು. ಮನೆಯಲ್ಲಿ ಯಾವುದಾದರೂ ಪಾಪ ಒಳಗೆ ಬಂದಿದೆಯೇ, ಪರೀಕ್ಷಿಸಿಕೋ ತಂಗಿ ಎಂದು ಒಬ್ಬರು ಹೇಳಿದ್ದು ನನ್ನ ಕಿವಿಗೂ ಬಿತ್ತು. ಅವಳು ಎಲ್ಲದಕ್ಕೂ ಹೂಂ ಎಂದಳು. ನಾನು ರೊಟ್ಟಿ ಬಡಿಯಬೇಕು, ತಡವಾಯಿತು ಬಾ ಎಂದು ಕರೆದೆ. ಅವಳು ಈ ದಿನ ಬೇಗ ಹೋಗಬೇಕು ಎಂದು ಹೇಳಿ, ಹನ್ನೆರಡೂವರೆಯ ಬಸ್ಸಿಗೆ ಹೋದಳು.

ಅಷ್ಟಕ್ಕೆ ಮುಗಿದಿದ್ದರೆ ಒಂದು ಮಾತು. ಮುಂದಿನ ಮೂರು ಶುಕ್ರವಾರ ನಮ್ಮ ಸಭೆಯ ಐದು ಜನ ಆಟೋ ಮಾಡಿಕೊಂಡು ತಂಬ್ರಹಳ್ಳಿಗೆ ಹೋದರು, ಅವಳ ಮನೆಯ ಪಡಸಾಲೆಯಲ್ಲಿ ಕೂತು ಜೋರಾಗಿ ಪ್ರಾರ್ಥಿಸಿದರು. ಪಡಸಾಲೆಯ ಬಾಗಿಲು ಬೀದಿಗೆ. ಅಕ್ಕಪಕ್ಕದವರು ನಿಂತು ಕೇಳಿದರು. ಅಂಗನವಾಡಿಗೆ ಮಕ್ಕಳನ್ನು ಬಿಡಲು ಬರುವ ತಾಯಂದಿರ ಬಾಯಲ್ಲಿ ಅದು ಇನ್ನೊಂದು ಆಕಾರ ಪಡೆಯಿತು: ಅವರ ದೇವರು ಅವಳ ಕೈಬಿಟ್ಟನಂತೆ, ಅವಳೇ ಹೇಳಿದಳಂತೆ. ಮನೆದೇವರನ್ನು ಬಿಟ್ಟರೆ ಹೀಗೇ ಆಗುತ್ತದೆ ಎಂದು ಅತ್ತೆ ಬಾವಿಕಟ್ಟೆಯ ತನಕ ಹೇಳಿಕೊಂಡು ಬಂದಳು. ಹನ್ನೆರಡು ವರ್ಷ ಆ ಓಣಿಯಲ್ಲಿ ತಲೆ ಎತ್ತಿಕೊಂಡು ಸಭೆಗೆ ಹೋಗುತ್ತಿದ್ದವಳು ಈಗ ಎರಡೂ ಕಡೆಗೆ ಇಲ್ಲದವಳಾದಳು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ನಾಲ್ಕನೆಯ ವಾರದಿಂದ ಅವಳು ಸಭೆಗೆ ಬರುವುದು ನಿಂತಿತು. ನಾನು ಫೋನು ಮಾಡಿದೆ. ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಮತ್ತೆ ಮಾಡಿದೆ, ಮತ್ತೆ ಎತ್ತಲಿಲ್ಲ. ಅವಳು ಅಡುಗೆಮನೆಯಲ್ಲಿ ಹೇಳಿದ ಮಾತಿನ ಅರ್ಥ ನನಗೆ ಆಗ ಆಗಬೇಕಿತ್ತು, ಆಗಲಿಲ್ಲ. ನನಗೆ ಬಂದದ್ದು ಸಿಟ್ಟು. ಏನು ತಪ್ಪು ಮಾಡಿದೆ ನಾನು? ಚಾಡಿ ಹೇಳಿದೆನೇ? ಪ್ರಾರ್ಥನೆ ಮಾಡಿದೆ! ಯಾರ ಮುಂದೂ ಹೇಳಬೇಡ ಎಂದಳು, ದೇವರ ಮುಂದೆ ಹೇಳಬೇಡ ಎಂದಳೇ? ಇಷ್ಟು ದಿನ ಉಣ್ಣಿಸಿದ್ದಕ್ಕೆ ಇದೇನಾ ಎಂದೂ ಬೈದುಕೊಂಡೆ. ಕುಕ್ಕರಿನ ಎದುರು ನಿಂತು ಗಟ್ಟಿಯಾಗಿ ವಾದ ಮಾಡಿ ನಾನೇ ಗೆಲ್ಲುತ್ತಿದ್ದೆ.

ಗೆದ್ದು ಏನು ಮಾಡುವುದು? ಭಾನುವಾರ ಮಧ್ಯಾಹ್ನಗಳು ಬರುತ್ತಲೇ ಇದ್ದವು. ಕೈ ತಾನಾಗಿ ಎರಡು ಲೋಟ ಅಕ್ಕಿ ಹಾಕುತ್ತಿತ್ತು. ಉಳಿದ ಅನ್ನವನ್ನು ಸೋಮವಾರ ಬೆಳಿಗ್ಗೆ ಒಗ್ಗರಣೆ ಹಾಕಿಕೊಂಡು ತಿನ್ನುತ್ತಿದ್ದೆ. ಟಿವಿಯನ್ನು ಜೋರಾಗಿ ಹಚ್ಚಿ ಬೇರೆ ಕೋಣೆಯಲ್ಲಿ ಕೂರುತ್ತಿದ್ದೆ, ಮನೆಯಲ್ಲಿ ಯಾರೋ ಇದ್ದಾರೆ ಎಂಬ ಹಾಗೆ. ಕ್ರಿಸ್‌ಮಸ್ ಬಂತು. ಮನೆಮನೆಗೆ ಹಾಡಿಕೊಂಡು ಹೋಗುವಾಗ ಹಾಡು ಎತ್ತುವವರಿಲ್ಲದೆ ಯಾರದೋ ಮೊಬೈಲ್‌ನಲ್ಲಿ ಹಾಡು ಹಚ್ಚಿಕೊಂಡು ಹೋದರು. ನಾನು ಮಂಡಿನೋವು ಎಂದು ಹೇಳಿ ಹೋಗಲಿಲ್ಲ. ಕರಿಗಡಬು ಮಾಡಿದ್ದೆ, ಹನ್ನೊಂದು. ನಾಲ್ಕು ದಿನ ಒಬ್ಬಳೇ ತಿಂದೆ. ಹಬ್ಬದ ತಿಂಡಿಯನ್ನು ಒಬ್ಬಳೇ ತಿಂದು ಮುಗಿಸುವುದು ಎಂಥ ಶಿಕ್ಷೆ ಎಂದು ತಿಂದವರಿಗೇ ಗೊತ್ತು.

ಹೊಸ ವರ್ಷ ಕಳೆದ ಮೇಲೆ ಮಹಿಳಾ ಕೂಟದಲ್ಲಿ ಮಾತಾಡಲು ಪಾಸ್ಟರ್ ನನಗೆ ಒಂದು ವಿಷಯ ಕೊಟ್ಟರು: ದುಃಖದಲ್ಲಿರುವವರನ್ನು ಸಂತೈಸುವುದು ಹೇಗೆ. ನನಗೆ ಕೊಟ್ಟರು, ನೋಡಿ! ಒಂದು ಸಂಜೆ ಕಟ್ಟೆಯ ಮೇಲೆ ಕೂತು ಬೈಬಲಿನಲ್ಲಿ ಯೋಬನ ಕಥೆಯನ್ನು ತೆಗೆದೆ. ಎಷ್ಟೋ ಸಲ ಓದಿದ್ದೇ. ಮಕ್ಕಳು ಸತ್ತು, ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕೂತ ಯೋಬನನ್ನು ನೋಡಲು ಅವನ ಮೂವರು ಸ್ನೇಹಿತರು ಬರುತ್ತಾರೆ. ಬಂದವರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ, ಒಬ್ಬನೂ ಒಂದು ಮಾತಾಡುವುದಿಲ್ಲ. ನಾನು ಕೆಂಪು ಪೆನ್ನು ತೆಗೆದು ‘ಅನ್ವಯ’ ಎಂದು ಬರೆದೆ. ಯಾರ ಹೆಸರು ಬರೆಯಬೇಕೆಂದು ಯೋಚಿಸುತ್ತ ಮುಂದೆ ಓದಿದೆ. ಏಳು ದಿನ ಆದ ಮೇಲೆ ಆ ಸ್ನೇಹಿತರು ಬಾಯಿ ತೆರೆಯುತ್ತಾರೆ. ಅಲ್ಲಿಂದ ಮುಂದೆ ಎಷ್ಟೋ ಅಧ್ಯಾಯ ಮಾತೇ ಮಾತು. ನಿನ್ನಲ್ಲಿ ಏನೋ ಪಾಪ ಇರಬೇಕು, ದೇವರ ಕಡೆ ತಿರುಗು ಎಂದು. ಎಲ್ಲ ಒಳ್ಳೆಯ ಮಾತೇ, ಭಕ್ತಿಯ ಮಾತೇ. ಕೊನೆಗೆ ದೇವರಿಗೆ ಸಿಟ್ಟು ಬರುವುದು ಯೋಬನ ಮೇಲಲ್ಲ, ಅವರ ಮೇಲೆ.

ಪೆನ್ನು ಕೈಯಲ್ಲಿ ಹಾಗೇ ಇತ್ತು. ಅವರು ಏಳು ದಿನವಾದರೂ ತಡೆದರು, ನಾನು ಏಳು ನಿಮಿಷ ತಡೆದವಳಲ್ಲ. ಅವಳು ಆ ಮಾತು ಹೇಳಿದಾಗ ಕೂಡ ಸೊಪ್ಪು ಸೋಸಿ ಮುಗಿಯುವಷ್ಟರಲ್ಲಿ ನಾನು ಅವಳಿಗೆ ಐದು ವಚನ ಹೇಳಿದ್ದೆ. ನೋಟ್‌ಬುಕ್ಕಿನ ಆ ಪುಟದಲ್ಲಿ ಮೊದಲ ಸಲ ‘ನಾನು’ ಎಂದು ಬರೆದೆ. ಬರೆದು, ಕಟ್ಟೆಯ ಮೇಲೆ ಕೂತು ಅತ್ತೆ. ಎದುರುಮನೆಯವಳು ಬಂದು ಏನಾಯಿತು ಟೀಚರ್ ಎಂದು ಕೇಳಿದಳು. ಕಣ್ಣಿಗೆ ಧೂಳು ಎಂದೆ. ಮಹಿಳಾ ಕೂಟದಲ್ಲಿ ಮಾತಾಡಲು ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಪಾಸ್ಟರಿಗೆ ಹೇಳಿದೆ. ನಾನು ಮಾತಾಡಲು ಒಲ್ಲೆ ಎಂದದ್ದು ಅವರಿಗೆ ನಂಬಿಕೆಯಾಗಲಿಲ್ಲ, ಜ್ವರವೇ ಎಂದು ಕೇಳಿದರು.

ಆ ವಾರದ ಗುರುವಾರ ತಂಬ್ರಹಳ್ಳಿಯ ಬಸ್ಸು ಹತ್ತಿದೆ. ಬೈಬಲಿನ ಚೀಲ ತೆಗೆದುಕೊಳ್ಳಲಿಲ್ಲ. ಬಸ್ಸಿನಲ್ಲಿ ಅರ್ಧ ತಾಸು, ಏನು ಹೇಳಬೇಕೆಂದು ಕಂಠಪಾಠ ಮಾಡಿದೆ. ಅಂಗನವಾಡಿ ಬಿಡುವ ಹೊತ್ತು. ಅವಳು ಬಾಗಿಲಿಗೆ ಬೀಗ ಹಾಕುತ್ತಿದ್ದಳು. ತೆಳ್ಳಗಾಗಿದ್ದಳು. ನನ್ನನ್ನು ನೋಡಿ, “ಏನು ಬೇಕಿತ್ರಿ ಟೀಚರ್?” ಎಂದಳು.

ಹನ್ನೆರಡು ವರ್ಷ ಅಕ್ಕಾ ಎಂದವಳು, ನೀನು ತಾನು ಎಂದು ಮಾತಾಡಿದವಳು. ಕ್ಷಮಿಸು ಎನ್ನಬೇಕು ಎಂದು ಹೋದವಳು, ಅಷ್ಟು ಹೇಳಿ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನನ್ನ ಬಾಯಿ ನಿಲ್ಲುವುದೇ? ಕೆಟ್ಟ ಮನಸ್ಸಿನಿಂದ ಮಾಡಲಿಲ್ಲ ಎಂದೆ, ಹೆಸರು ಹೇಳಲಿಲ್ಲ ಎಂದೆ, ಜನರಿಗೆ ಹೇಳಲಿಲ್ಲ, ದೇವರಿಗೆ ಹೇಳಿದೆ ಎಂದೆ. ಅವಳು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಪೂರ್ತಿ ಕೇಳಿದಳು.

“ದೇವ್ರಿಗೆ ಹೇಳಿದ್ರಿ. ಆತಗ ಕಿವಿ ಕೇಳಸ್ತಿದ್ದಿಲ್ಲೇನ್ರಿ, ಅಷ್ಟು ಜೋರು ಹೇಳಾಕ?”

ಅವಳು ಮನೆಯ ಕಡೆ ನಡೆದಳು. ನಾನು ಅಂಗನವಾಡಿಯ ಮೆಟ್ಟಿಲ ಮೇಲೆ ಬಸ್ಸು ಬರುವ ತನಕ ಕೂತು, ವಾಪಸ್ಸು ಬಂದೆ.

ಮುಂದಿನ ಗುರುವಾರ ಮತ್ತೆ ಹೋದೆ. ಅದರ ಮುಂದಿನ ಗುರುವಾರವೂ. ಅವಳು ಬರಬೇಡಿ ಎನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ನಾನು ಮೆಟ್ಟಿಲ ಮೇಲೆ ಕೂರುತ್ತಿದ್ದೆ, ಅವಳು ಬೀಗ ಹಾಕಿ ಮನೆಗೆ ಹೋಗುತ್ತಿದ್ದಳು. ನೋಡಿದವರಿಗೆ ತಮಾಷೆ. ಟೀಚರಮ್ಮ ವಾರಕ್ಕೊಮ್ಮೆ ನಮ್ಮ ಮೆಟ್ಟಿಲಿಗೆ ಡ್ಯೂಟಿ ಮಾಡುತ್ತಾಳೆ ಎಂದು ಒಬ್ಬ ಮುದುಕ ಹಾಸ್ಯ ಮಾಡಿದ. ಬಿಸಿಲು ಏರಿ, ಮೆಟ್ಟಿಲು ಕಾದು, ಒಂದು ದಿನ ತಲೆಸುತ್ತು ಬಂತು. ಆ ದಿನ ಅವಳು ಬೀಗ ಹಾಕಿ ಇಳಿದು ಬಂದು, ನನ್ನ ಮುಖ ನೋಡಿ, ಮನೆಗೆ ನಡೀರಿ, ನೀರು ಕುಡಿದು ಹೋಗುವಿರಂತೆ ಎಂದಳು. ಅಂದಿನಿಂದ ಗುರುವಾರ ಅವಳ ಮನೆಯ ಪಡಸಾಲೆಯಲ್ಲಿ ಕೂರತೊಡಗಿದೆ. ಅತ್ತೆ ಒಳಗಿನಿಂದ ನನ್ನನ್ನು ಒಮ್ಮೆ ನೋಡಿ, ಇವತ್ತು ಇನ್ನೂ ಎಷ್ಟು ಮಂದಿ ಬರೋರದಾರ ಎಂದು ಕೇಳಿದಳು. ನಾನೊಬ್ಬಳೇ ಎಂದೆ.

ಬಿತ್ತನೆಯ ಶೇಂಗಾವನ್ನು ಕೈಯಿಂದಲೇ ಸುಲಿಯಬೇಕು. ಮಷೀನಿಗೆ ಹಾಕಿದರೆ ಬೀಜದ ಮೇಲಿನ ಸಿಪ್ಪೆ ಹರಿದು ಮೊಳಕೆ ಕೆಡುತ್ತದೆ. ಮುಂಗಾರಿನ ಮೊದಲು ಅವರ ಪಡಸಾಲೆಯಲ್ಲಿ ಆ ಕೆಲಸ. ಅವಳು ಸುಲಿಯುತ್ತಿದ್ದಳು, ಎದುರಿಗೆ ನಾನೂ ಸುಲಿಯುತ್ತಿದ್ದೆ. ಬಾಯಿ ಮುಚ್ಚಿಕೊಂಡು. ಹೆಬ್ಬೆರಳು ಬಾತುಕೊಂಡಿತು, ಉಗುರಿನ ಸಂದಿನಲ್ಲಿ ರಕ್ತ ಬಂತು, ಅದೇನೂ ದೊಡ್ಡದಲ್ಲ. ಮಾತಾಡದೆ ಇರುವುದೇ ದೊಡ್ಡದು. ಎಷ್ಟು ಸಲ ಒಂದು ವಚನ ಗಂಟಲ ತನಕ ಬಂದು, ಉಗುಳು ನುಂಗಿ ಒಳಗೆ ಕಳಿಸಿದೆನೋ. ಅವಳು ಈಗ ಪ್ರಾರ್ಥನೆ ಮಾಡುತ್ತಾಳೋ ಇಲ್ಲವೋ, ಸಭೆಗೆ ಬರುತ್ತಾಳೋ ಇಲ್ಲವೋ ಎಂದು ಕೇಳಲಿಲ್ಲ. ಮಗಳ ಫೋಟೋ ಗೋಡೆಯ ಮೇಲೆ ಇತ್ತು, ನರ್ಸಿಂಗಿನ ಬಿಳಿ ಕೋಟು ಹಾಕಿಕೊಂಡದ್ದು. ಅದನ್ನು ನೋಡುತ್ತಿದ್ದೆ. ಹೀಗೆ ಸುಮ್ಮನೆ ಕೂತಾಗಲೇ ನನಗೆ ಗೊತ್ತಾದದ್ದು, ಆ ಮಗು ಸತ್ತು ಎರಡು ವರ್ಷವಾಗುತ್ತ ಬಂದರೂ ನಾನು ಒಂದು ಸಲವೂ ಅವಳಿಗಾಗಿ ಅತ್ತಿರಲಿಲ್ಲ ಎಂದು. ತಾಯಿಯ ವಿಶ್ವಾಸವನ್ನು ಹೊಗಳುವುದರಲ್ಲಿ ಅಳುವುದು ಮರೆತೇಹೋಗಿತ್ತು. ಕೈಯಲ್ಲಿ ಶೇಂಗಾ ಹಿಡಿದುಕೊಂಡೇ ಅತ್ತುಬಿಟ್ಟೆ. ಅವಳು ನೋಡಿದಳು. ಸ್ವಲ್ಪ ಹೊತ್ತಿಗೆ ಅವಳೂ ಸೆರಗು ಕಣ್ಣಿಗೆ ಹಚ್ಚಿದಳು.

ಮಳೆ ಬಿತ್ತು, ಬಿತ್ತನೆಯಾಯಿತು, ಸುಲಿಯುವ ಕೆಲಸ ಮುಗಿಯಿತು. ನಾನು ಗುರುವಾರ ಹೋಗುವುದು ಬಿಡಲಿಲ್ಲ. ಅವಳು ಈಗಲೂ ನನ್ನನ್ನು ಟೀಚರ್ ಎಂದೇ ಕರೆಯುತ್ತಾಳೆ. ಸಭೆಗೆ ಬಂದಿಲ್ಲ. ಬರುತ್ತಾಳೆ ಎಂದು ನಾನು ಯಾರಿಗೂ ಹೇಳುವುದಿಲ್ಲ, ನನಗೆ ಗೊತ್ತೂ ಇಲ್ಲ. ಜಮಖಾನದ ಮೇಲೆ ನನ್ನ ಪಕ್ಕದ ಜಾಗದಲ್ಲಿ ಒಂದು ಭಾನುವಾರ ಬೇರೊಬ್ಬಳು ಬಂದು ಕೂತಳು. ಕೂರಲಿ ಎಂದು ಚೀಲ ತೆಗೆದು ಜಾಗ ಕೊಟ್ಟೆ. ಮನೆಗೆ ಬಂದ ಮೇಲೆ ಒಂದು ಲೋಟ ಅಕ್ಕಿ ಅಳೆದು ಹಾಕಲು ಕಲಿತೆ. ಉಣ್ಣುವಾಗ ಗಡಿಯಾರದ ಸದ್ದು ಕೇಳುತ್ತದೆ.

ಕಳೆದ ತಿಂಗಳು ಒಂದು ಗುರುವಾರ ಅವಳ ಗಂಡ, ಅತ್ತೆ ಇಬ್ಬರೂ ಹಲವಾಗಲಿನ ನೆಂಟರ ಮನೆಗೆ ಹೋಗಿದ್ದರು. ನಾವಿಬ್ಬರೇ. ಅವಳು ಚಹಾ ಕೊಟ್ಟಳು, ಬಾಗಿಲು ಸ್ವಲ್ಪ ಮುಂದೆ ಮಾಡಿದಳು, ಎದುರಿಗೆ ಕೂತು ತುಂಬ ಹೊತ್ತು ಸುಮ್ಮನಿದ್ದಳು. ಹಿಂದಿನ ನಾನಾಗಿದ್ದರೆ ಏನು, ಏನು ಎಂದು ಹತ್ತು ಸಲ ಕೇಳುತ್ತಿದ್ದೆ. ಚಹಾ ಕುಡಿದು ಲೋಟ ಕೆಳಗಿಟ್ಟು ಕೂತೆ. ಆಮೇಲೆ ಅವಳು ಮಾತಾಡಿದಳು. ಬಹಳ ಹೊತ್ತು ಮಾತಾಡಿದಳು, ಮಗಳು ಹೋದ ಮೇಲೆ ಯಾರ ಮುಂದೆಯೂ ಹೇಳದ್ದನ್ನು ಹೇಳಿದಳು. ಮುಗಿಸಿದ ಮೇಲೆ ಯಾರ ಮುಂದೂ ಹೇಳಬೇಡಿ ಎಂದು ಹೇಳಲಿಲ್ಲ. ಅದು ನನಗೆ ಹೆಚ್ಚು ಭಾರವಾಯಿತು.

ಇದನ್ನೆಲ್ಲ ಬರೆಯಲೇ ಎಂದು ಅವಳನ್ನು ಕೇಳಿದ್ದೇನೆ. ಮೊದಲಿನದು ಊರ ಬಾಯಲ್ಲಿ ಅರೆದು ಹೋಗಿದೆ, ಅದನ್ನು ಬರೆದರೇನು, ಹೆಸರು ಮಾತ್ರ ಬೇಡ ಎಂದಳು. ಆ ಗುರುವಾರ ಹೇಳಿದ್ದರ ಬಗ್ಗೆ ಅವಳೂ ಏನೂ ಅನ್ನಲಿಲ್ಲ, ನಾನೂ ಕೇಳಲಿಲ್ಲ.

ಆ ಗುರುವಾರದ ಮುಂದಿನ ಭಾನುವಾರ ಪಾಸ್ಟರ್, ಪ್ರಾರ್ಥನಾ ವಿಷಯಗಳಿದ್ದರೆ ಹೇಳಿರಿ ಎಂದರು. ಒಬ್ಬರು ಮಗನ ನೌಕರಿ ಎಂದರು, ಒಬ್ಬರು ಸೊಂಟನೋವು ಎಂದರು. ಆಮೇಲೆ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ನಾನು ತಂಬ್ರಹಳ್ಳಿಗೆ ಹೋಗಿಬರುವುದು ಎಲ್ಲರಿಗೂ ಗೊತ್ತು. ಟೀಚರ್, ಆ ತಂಗಿಯ ವಿಷಯ ಏನಾದರೂ ಇದೆಯೇ ಎಂದು ಪಾಸ್ಟರ್ ತಾವೇ ಕೇಳಿದರು. ಅವರು ಒಳ್ಳೆಯ ಮನುಷ್ಯ, ಪ್ರೀತಿಯಿಂದಲೇ ಕೇಳಿದರು. ಇಡೀ ಕೋಣೆ ಕಾಯುತ್ತಿತ್ತು.

“ಏನೂ ಇಲ್ರಿ,” ಎಂದೆ.

ಸರಪಳಿ ಪ್ರಾರ್ಥನೆ ಶುರುವಾಯಿತು. ನನ್ನ ಸರದಿ ಬಂದಾಗ ನಾನು ಬಾಯಿ ತೆರೆಯಲಿಲ್ಲ. ಪಕ್ಕದವಳು ಮೊಣಕೈಯಿಂದ ತಿವಿದಳು, ನಿದ್ದೆ ಹೋದೆನೆಂದು ತಿಳಿದು. ನಾನು ಎಚ್ಚರವಾಗಿಯೇ ಇದ್ದೆ. ಆ ಗುರುವಾರ ಅವಳು ಹೇಳಿದ್ದೆಲ್ಲ ನನ್ನ ಒಳಗೆ ಇತ್ತು, ಅದನ್ನು ಹಾಗೇ ಇಟ್ಟುಕೊಂಡು ದೇವರ ಮುಂದೆ ಕೂತಿದ್ದೆ. ಆತನಿಗೂ ನಾನು ಅದನ್ನು ಹೇಳಿಲ್ಲ.